ಮರೆಯ ಗುಂಡು, ವಾಲಿಯ ಪ್ರಶ್ನೆ

ಕಳೆದ ವರ್ಷದ ದೀಪಾವಳಿಗೆ ನಿಪ್ಪಾಣಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಪಾಡ್ಯದ ಮಾರನೆಯ ದಿನ, ಮನೆಮಂದಿಯೆಲ್ಲ ಕರಿದ ತಿಂಡಿಗಳ ಭಾರಕ್ಕೆ ಮಲಗಿದ್ದ ಮಧ್ಯಾಹ್ನದ ಹೊತ್ತಿನಲ್ಲಿ, ಮಹಡಿಯ ಕೋಣೆಯಿಂದ ಒಂದು ವಿಚಿತ್ರವಾದ ಸದ್ದು ಕೇಳಿಬಂತು. ಯಾರೋ ಉಸಿರು ಬಿಗಿಹಿಡಿದಂತೆ ಒಂದು ಕ್ಷಣದ ಮೌನ, ಅದರ ಒಡಲಲ್ಲಿ ಎದೆಬಡಿತ, ಆಮೇಲೆ ಒಂದೇ ಒಂದು ಗುಂಡು. ಪಟಾಕಿಯೆಂದು ತಿಳಿಯಲು ಅದು ತೀರ ಸಂಯಮದ ಸದ್ದಾಗಿತ್ತು. ಮೆಟ್ಟಿಲು ಹತ್ತಿ ನೋಡಿದರೆ, ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮೊಮ್ಮಗ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ. ಕುಳಿತಿದ್ದನೆಂಬುದು ನೆಪಮಾತ್ರ, ಅವನಿದ್ದದ್ದು ೧೯೪೩ನೆಯ ಇಸವಿಯ ಇಟಲಿಯಲ್ಲಿ.

“ಬರ್ರಿ ಅಜ್ಜಾ, ಸಪ್ಪಳ ಮಾಡಬ್ಯಾಡ್ರಿ, ಕಾವಲಿನಾಂವ ಇತ್ತಾಗ ತಿರಗ್ಯಾನ” ಎಂದು ಪಿಸುಗುಟ್ಟಿದ. ನಾನೂ ನನ್ನ ಎಪ್ಪತ್ತೆರಡು ವರ್ಷಗಳನ್ನು ಮರೆತು, ಕಾವಲಿನವನಿಗೆ ಕೇಳಿಸದಂತೆ ಕುರ್ಚಿಯನ್ನು ಎಳೆದುಕೊಂಡು ಕುಳಿತೆ.

ಆಟದ ಹೆಸರು ‘ಸ್ನೈಪರ್ ಎಲೀಟ್ ೪’. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜೇಸನ್ ಮತ್ತು ಕ್ರಿಸ್ ಕಿಂಗ್ಸ್‌ಲಿ ಎಂಬ ಸೋದರರು ೧೯೯೨ರಲ್ಲಿ ಕಟ್ಟಿದ ರೆಬೆಲಿಯನ್ ಸಂಸ್ಥೆಯವರು ಅದನ್ನು ೨೦೧೭ರ ಫೆಬ್ರುವರಿಯಲ್ಲಿ ಹೊರತಂದರು. ಕಥಾನಾಯಕ ಕಾರ್ಲ್ ಫೇರ್‌ಬರ್ನ್ ಅಮೆರಿಕದ ಗುಪ್ತದಳಕ್ಕೆ ಸೇರಿದ ಸ್ನೈಪರ್. ಎಂದರೆ ಮರೆಯಲ್ಲಿ ಹೊಂಚಿ ಕುಳಿತು, ಬಹುದೂರದಿಂದ ಒಬ್ಬೊಬ್ಬನನ್ನೇ ಆರಿಸಿ ಹೊಡೆಯುವ ಬಂದೂಕುಗಾರ. ಜರ್ಮನರ ಕೈಯಲ್ಲಿ ಹಡಗುಗಳನ್ನು ಮುಳುಗಿಸುವ ಒಂದು ಗುಪ್ತಾಸ್ತ್ರವಿದೆ. ಇಟಲಿಯ ಪ್ರತಿರೋಧಪಡೆಯವರ ನೆರವಿನಿಂದ ಅದನ್ನು ಹಾಳುಗೆಡವಬೇಕೆಂಬುದು ಕಥೆ. ಆಟಗಾರನು ಹುಲ್ಲಿನಲ್ಲಿ ತೆವಳಬೇಕು. ಗಾಳಿಯ ಬೀಸನ್ನೂ ದೂರಕ್ಕೆ ಹೋದಂತೆ ಗುಂಡು ಕೆಳಕ್ಕೆ ಬಾಗುವುದನ್ನೂ ಲೆಕ್ಕಹಾಕಬೇಕು. ಮೇಲೆ ವಿಮಾನ ಹಾದುಹೋಗುವ ಸಮಯ ಸಾಧಿಸಿ, ಅದರ ಮೊರೆತದಲ್ಲಿ ತನ್ನ ಗುಂಡಿನ ಸದ್ದನ್ನು ಅಡಗಿಸಿಕೊಳ್ಳಬೇಕು.

ಅಂದು ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದುವು. ಮೊದಲನೆಯದು ದುರ್ಬೀನು. ಅದನ್ನು ಕಣ್ಣಿಗೆ ಹಚ್ಚಿ ದೂರದ ಒಬ್ಬ ಸೈನಿಕನನ್ನು ದಿಟ್ಟಿಸಿದರೆ ಅವನ ವಿಷಯವಾಗಿ ಒಂದು ಸಾಲು ಪರದೆಯ ಮೇಲೆ ಮೂಡುತ್ತದೆ: ಒಬ್ಬನ ಮನೆಯ ಸುದ್ದಿ, ಇನ್ನೊಬ್ಬನ ಹವ್ಯಾಸ, ಮತ್ತೊಬ್ಬನ ಮನಸ್ಸಿನ ಅಳುಕು. ಎರಡನೆಯದು ಆ ಬಳಿಕ ಬರುವುದು. ಗುಂಡು ಗುರಿ ಮುಟ್ಟುವಾಗ ಕಾಲವು ಕುಂಟತೊಡಗುತ್ತದೆ. ಪರದೆಯು ಎಕ್ಸ್‌ರೇ ಹಾಳೆಯಂತಾಗಿ, ಆ ಸೈನಿಕನ ಚರ್ಮ ಮಾಯವಾಗಿ, ಎಲುಬು ಒಡೆಯುವುದೂ ಎದೆಯ ಗುಂಡಿಗೆ ಸಿಡಿಯುವುದೂ ಕಾಣುತ್ತದೆ. ನಾನು ಕಣ್ಣು ಮುಚ್ಚಿದೆ. ಹುಡುಗನಿಗೆ ಅದು ಅರ್ಥವಾಗಲಿಲ್ಲ. “ಇದಕ್ಕ ಭಾಳ ಚಲೋ ವಿಮರ್ಶಾ ಬಂದಾವ್ರಿ ಅಜ್ಜಾ” ಎಂದು ಸಮಾಧಾನದ ಮಾತನ್ನಾಡಿದ.

ವಿಮರ್ಶೆ ಎಂಬ ಮಾತು ನನ್ನ ಕಿವಿಯನ್ನು ಹಿಡಿದು ಜಗ್ಗಿತು. ಚಿಕ್ಕೋಡಿಯಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ಕಾವ್ಯವನ್ನೂ ಕಾದಂಬರಿಯನ್ನೂ ನಾಟಕವನ್ನೂ ವಿಮರ್ಶಿಸುವವರನ್ನು ಕಂಡಿದ್ದೆ. ಆಟವನ್ನು ವಿಮರ್ಶಿಸುವವರನ್ನು ಕಂಡಿರಲಿಲ್ಲ. ಯಾರು ಇವರು, ಯಾವ ತಕ್ಕಡಿಯಲ್ಲಿ ತೂಗುತ್ತಾರೆ ಎಂಬ ಕುತೂಹಲದಿಂದ, ಹುಡುಗ ಹುಡುಕಿ ಮುದ್ರಿಸಿಕೊಟ್ಟ ಒಂದು ಕಟ್ಟನ್ನು ಬಗಲಲ್ಲಿಟ್ಟುಕೊಂಡು ಊರಿಗೆ ಮರಳಿದೆ. ಒಂದು ತಿಂಗಳು ನಿಘಂಟಿನ ಸಹಾಯದಿಂದ ಓದಿದೆ. ಆ ಓದಿನ ಫಲವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಈ ವಂಶದ ಚರಿತ್ರೆಯನ್ನು ಚುಟುಕಾಗಿ ಹೇಳಬೇಕು. ಮೊದಲ ‘ಸ್ನೈಪರ್ ಎಲೀಟ್’ ೨೦೦೫ರಲ್ಲಿ ಬಂತು. ಅದರ ರಂಗ ೧೯೪೫ರ ಬರ್ಲಿನ್. ಓಡುತ್ತ ಗುಂಡಿನ ಮಳೆಗರೆಯುವ ಆಟಗಳೇ ತುಂಬಿದ್ದ ಕಾಲದಲ್ಲಿ, ನಿಂತು, ಕಾದು, ಒಂದೇ ಗುಂಡಿನಲ್ಲಿ ಕೆಲಸ ತೀರಿಸುವ ತಾಳ್ಮೆಯನ್ನು ಬೇಡಿದ್ದು ಅದರ ವೈಶಿಷ್ಟ್ಯ. ಏಳು ವರ್ಷಗಳ ಮೇಲೆ, ೨೦೧೨ರಲ್ಲಿ, ಜರ್ಮನರ ರಾಕೆಟ್ಟಿನ ಹೆಸರನ್ನು ಹೊತ್ತ ‘ವಿ ೨’ ಬಂತು. ಎಲುಬು ಒಡೆಯುವುದನ್ನು ತೋರಿಸುವ ಎಕ್ಸ್‌ರೇ ದೃಶ್ಯ ಕಾಲಿಟ್ಟದ್ದು ಇದರಲ್ಲಿಯೇ. ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ಗುರಿಯಿಡುವ ಸೊಗಸನ್ನು ಬಹುಮಂದಿ ಮೆಚ್ಚಿದರು. ದಾರಿ ಮಾತ್ರ ಓಣಿಯಂತೆ ಇಕ್ಕಟ್ಟು, ಶತ್ರುಗಳ ಬುದ್ಧಿ ಕೆಲವೊಮ್ಮೆ ಹುಂಬ, ಹತ್ತಿರದ ಕಾದಾಟ ಬಡವೆಂದರು. ಅನೇಕ ವಿಮರ್ಶೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ಸಂಸ್ಥೆಯೊಂದಿದೆ. ಅದರ ಲೆಕ್ಕದಲ್ಲಿ ಈ ಆಟಕ್ಕೆ ನೂರಕ್ಕೆ ಅರವತ್ತನ್ನು ದಾಟಿದ ಅಂಕ ಬಂತು. ನಮ್ಮ ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಪ್ರಥಮ ವರ್ಗದ ಹೊಸ್ತಿಲು.

೨೦೧೪ರ ಮೂರನೆಯದು ಉತ್ತರ ಆಫ್ರಿಕಾದ ಮರುಭೂಮಿಗೆ ಹೋಯಿತು. ಅಲ್ಲಿ ಓಣಿ ಬಯಲಾಯಿತು. ಒಂದೇ ಗುರಿಗೆ ಹಲವು ದಾರಿಗಳಾದುವು. ವಿಮರ್ಶಕರು ಇದನ್ನು ಸ್ವಾಗತಿಸಿದರಾದರೂ ಕಥೆ ತೆಳು, ನಾಯಕ ನೀರಸ ಎಂಬ ದೂರು ಉಳಿಯಿತು. ನಾಲ್ಕನೆಯದರಲ್ಲಿ ಬಯಲು ಇನ್ನೂ ವಿಶಾಲವಾಯಿತು. ಇದರ ಅತಿ ಚಿಕ್ಕ ರಂಗವೂ ಹಿಂದಿನದರ ಅತಿ ದೊಡ್ಡ ರಂಗದ ಮೂರು ಪಟ್ಟು ಇದೆಯೆಂದು ತಯಾರಕರು ಹೇಳಿಕೊಂಡರು. ದ್ವೀಪ, ಬೆಟ್ಟದ ಹಳ್ಳಿ, ಮಹಾಸೇತುವೆ, ಹಡಗುಕಟ್ಟೆ, ಸಂನ್ಯಾಸಿಗಳ ಮಠ, ಹೀಗೆ ಒಂದೊಂದು ರಂಗವೂ ತನ್ನದೇ ಒಂದು ಸೀಮೆಯಾಯಿತು. ಮಾಲಿಕೆಯಲ್ಲಿ ಇದೇ ಶ್ರೇಷ್ಠವೆಂಬುದು ಅಂದಿನ ಸಾಮಾನ್ಯ ಅಭಿಪ್ರಾಯ. ಸರಾಸರಿಯೂ ಎಪ್ಪತ್ತನ್ನು ದಾಟಿ ಎಂಬತ್ತರ ಸಮೀಪಕ್ಕೆ ಬಂತು. ಕಥೆ ಮತ್ತು ಪಾತ್ರಗಳ ಬಡತನವನ್ನು ಇಲ್ಲಿಯೂ ಎತ್ತಿ ಹೇಳಿದರು, ಆದರೆ ಕ್ಷಮಿಸಿದರು. ಆಮೇಲೆ ೧೯೪೪ರ ಫ್ರಾನ್ಸನ್ನು ತೋರಿಸುವ ಐದನೆಯದು ೨೦೨೨ರಲ್ಲಿಯೂ, ‘ರೆಸಿಸ್ಟೆನ್ಸ್’ ಎಂಬುದು ೨೦೨೫ರ ಜನವರಿಯಲ್ಲಿಯೂ ಬಂದುವು. ಕೊನೆಯದನ್ನು ಕುರಿತು, ಹಳೆಯ ಅಡಿಗೆಯನ್ನೇ ಮತ್ತೆ ಬಿಸಿಮಾಡಿ ಬಡಿಸಿದ್ದಾರೆ, ರುಚಿಯೇನೋ ಕೆಟ್ಟಿಲ್ಲ ಎಂಬ ಧಾಟಿಯ ಮಾತುಗಳೇ ಹೆಚ್ಚು.

ಈ ವಿಮರ್ಶಕರನ್ನು ಲಘುವಾಗಿ ಕಾಣುವ ಉದ್ದೇಶ ನನಗಿಲ್ಲ. ಓದುತ್ತ ಹೋದಂತೆ ಅವರ ಮೇಲೆ ಗೌರವವೇ ಹುಟ್ಟಿತು. ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿಯ ಕಣದ ಸುತ್ತ ಕೂಡುವ ಹಳೆಯ ಪೈಲವಾನರನ್ನು ವಾಚಕರು ನೋಡಿರಬಹುದು. ಗೆದ್ದವನಾರು ಎಂಬುದು ಅವರಿಗೆ ಎರಡನೆಯ ಮಾತು. ಪಟ್ಟು ಎಲ್ಲಿ ಬಿತ್ತು, ಕಾಲು ಎಲ್ಲಿ ಜಾರಿತು, ಉಸಿರು ಯಾವಾಗ ಕಟ್ಟಿತು ಎಂಬುದೇ ಅವರ ಚರ್ಚೆ. ಆಟದ ವಿಮರ್ಶಕರೂ ಹಾಗೆಯೇ. ಇಂತಹ ಗೋಡೆಯ ಹಿಂದೆ ಅಡಗಿದರೆ ಕಾವಲಿನವನಿಗೆ ಕಾಣಬಾರದು, ಆದರೂ ಕಂಡಿತು. ಇಂತಹ ಸದ್ದಿಗೆ ಅವನು ತಿರುಗಬೇಕು, ಆದರೂ ತಿರುಗಲಿಲ್ಲ: ಹೀಗೆ ಪ್ರತಿಯೊಂದನ್ನೂ ತಾವೇ ಆಡಿ, ಸೋತು, ಪರೀಕ್ಷಿಸಿ ಹೇಳುತ್ತಾರೆ. ಪುಸ್ತಕದ ಮುನ್ನುಡಿಯನ್ನಷ್ಟೇ ಓದಿ ವಿಮರ್ಶೆ ಬರೆಯುವ ನಮ್ಮ ಕೆಲವರಿಗೆ ಈ ನಿಷ್ಠೆಯಿಂದ ಕಲಿಯಬೇಕಾದದ್ದುಂಟು.

ಆದರೆ ಪಟ್ಟನ್ನು ನೋಡುವ ಕಣ್ಣು ಬೇರೆ, ಫಲವನ್ನು ನೋಡುವ ಕಣ್ಣು ಬೇರೆ. ಆಡುವವನು ಆ ಮರೆಯಲ್ಲಿ ಏಕೆ ಕುಳಿತಿದ್ದಾನೆ, ಅವನ ಗುಂಡಿಗೆ ಬೀಳುವವನು ಏನು ಹೇಳಿಯಾನು ಎಂಬ ವಿಚಾರ ಆ ಕಟ್ಟಿನಲ್ಲಿ ಬಹು ವಿರಳವಾಗಿತ್ತು. ಎಕ್ಸ್‌ರೇ ದೃಶ್ಯವನ್ನು ಹೆಚ್ಚಿನವರು ರೋಮಾಂಚಕವೆಂದರು, ಕೆಲವರು ಅಸಹ್ಯವೆಂದರು, ಹಲವರು ಪುನರಾವೃತ್ತಿಯಿಂದ ಬೇಸರ ತರುವುದೆಂದರು. ಬೀಭತ್ಸವು ಬೇಸರ ತರಿಸುವುದೆಂಬ ಈ ದೂರು ನನಗೆ ತೀರ ಹೊಸದಾಗಿ ಕಂಡಿತು. ನಮ್ಮ ಆಲಂಕಾರಿಕರು ಬೀಭತ್ಸಕ್ಕೆ ರಸದ ಪಂಕ್ತಿಯಲ್ಲಿ ಮಣೆ ಹಾಕಿದರು. ಆದರೆ ಯಾವುದು ಎಲ್ಲಿ ಒಪ್ಪುತ್ತದೆಂಬ ಔಚಿತ್ಯದ ಕಾವಲನ್ನೂ ಇಟ್ಟರು. ಭರತಮುನಿಯು ಯುದ್ಧವನ್ನೂ ಮರಣವನ್ನೂ ನಗರದ ಮುತ್ತಿಗೆಯನ್ನೂ ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದು, ಪ್ರವೇಶಕದ ಮೂಲಕ ತಿಳಿಸಬೇಕೆಂದು ವಿಧಿಸಿದ. ಭಾಸನು ‘ಊರುಭಂಗ’ದಲ್ಲಿ ಆ ವಿಧಿಯನ್ನು ಮೀರಿ ದುರ್ಯೋಧನನನ್ನು ರಂಗದ ಮೇಲೆಯೇ ಸಾಯಿಸಿದ. ಆದರೆ ಮೀರಿದ್ದು ಮುರಿದ ತೊಡೆಯನ್ನು ಪ್ರದರ್ಶಿಸುವುದಕ್ಕಲ್ಲ. ತೊಡೆ ಮುರಿದ ಮೇಲೆ ಆ ಮನುಷ್ಯನಿಗೆ ಏನು ಹೊಳೆಯಿತೆಂಬುದನ್ನು ಕೇಳಿಸುವುದಕ್ಕೆ.

ಮರೆಯಲ್ಲಿ ನಿಂತು ಹೊಡೆಯುವುದು ನಮ್ಮ ಸಾಹಿತ್ಯಕ್ಕೆ ಹೊಸ ವಿಷಯವಲ್ಲ. ಸುಗ್ರೀವನೊಡನೆ ತೋಳ್ಗಾಳಗದಲ್ಲಿ ತೊಡಗಿದ್ದ ವಾಲಿಯನ್ನು ರಾಮನು ಮರದ ಮರೆಯಿಂದ ಹೊಡೆದ. ಮೊದಲನೆಯ ಸಲ ಅಣ್ಣತಮ್ಮಂದಿರ ಗುರುತು ಹತ್ತದೆ ಬಾಣ ಬಿಡಲಿಲ್ಲ. ಎರಡನೆಯ ಸಲ ಸುಗ್ರೀವನ ಕೊರಳಿಗೆ ಗಜಪುಷ್ಪದ ಬಳ್ಳಿಯನ್ನು ಹಾಕಿಸಿ, ಗುರುತು ಮಾಡಿಕೊಂಡು ಹೊಡೆದ. ನಿಪ್ಪಾಣಿಯ ಹುಡುಗನು ದುರ್ಬೀನಿನಿಂದ ಗುರುತು ಹಾಕುವುದನ್ನು ಕಂಡಾಗ ನನಗೆ ನೆನಪಾದದ್ದು ಆ ಬಳ್ಳಿಯೇ. ಆದರೆ ವಾಲ್ಮೀಕಿಯ ಕಥೆ ಬಾಣ ನಾಟಿದಲ್ಲಿಗೆ ಮುಗಿಯುವುದಿಲ್ಲ. ಬಿದ್ದ ವಾಲಿಗೆ ಕವಿಯು ಬಾಯಿ ಕೊಡುತ್ತಾನೆ. ನಿನಗೂ ನನಗೂ ಏನು ವೈರವಿತ್ತು, ಎದುರಿಗೆ ಬಂದು ಏಕೆ ನಿಲ್ಲಲಿಲ್ಲ ಎಂದು ಅವನು ಕೇಳುತ್ತಾನೆ. ಅದಕ್ಕೆ ರಾಮನು ಒಂದಲ್ಲ, ಹಲವು ಉತ್ತರಗಳನ್ನು ಕೊಡುತ್ತಾನೆ: ತಮ್ಮನ ಹೆಂಡತಿಯನ್ನು ಅಪಹರಿಸಿದ ಪಾಪ, ಭರತನ ಆಳ್ವಿಕೆಯ ಶಾಸನ, ಮೃಗಗಳನ್ನು ಮರೆಯಿಂದ ಹೊಡೆಯುವ ಬೇಟೆಯ ನಿಯಮ. ಉತ್ತರಗಳು ಇಷ್ಟಾದುದೇ ಒಂದೊಂದೂ ಸಾಲದಾಯಿತೆಂಬುದಕ್ಕೆ ಸಾಕ್ಷಿಯಲ್ಲವೆ? ವಾಲಿ ಒಪ್ಪಿದನೆಂದು ಕವಿ ಹೇಳಿದರೂ ಓದುಗರು ಒಪ್ಪಿ ಸುಮ್ಮನಾಗಲಿಲ್ಲ. ಶತಮಾನಗಳಿಂದ ವಾದಿಸುತ್ತಲೇ ಬಂದಿದ್ದಾರೆ.

ನಮ್ಮ ನೆರೆಯ ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಹೇಳಲಾಗುವ ನಾಗಚಂದ್ರನು ಬೇರೊಂದು ದಾರಿ ಹಿಡಿದ. ಜೈನ ಸಂಪ್ರದಾಯವನ್ನು ಅನುಸರಿಸಿದ ಅವನ ರಾಮಾಯಣದಲ್ಲಿ ವಾಲಿ ರಾಜ್ಯವನ್ನು ತೊರೆದು ದೀಕ್ಷೆ ವಹಿಸುತ್ತಾನೆ. ರಾಮನ ಕೈಗೆ ಆ ಕಲೆ ಅಂಟುವುದೇ ಇಲ್ಲ. ಕಾಗವಾಡದ ಪಕ್ಕದ ಶೇಡಬಾಳದಲ್ಲಿ ವಿದ್ಯಾನಂದರೂ ಚಿಕ್ಕೋಡಿಯ ಸೀಮೆಯ ಸದಲಗಾದಲ್ಲಿ ವಿದ್ಯಾಸಾಗರರೂ ಹುಟ್ಟಿದ ಈ ನೆಲದಲ್ಲಿ, ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ ಮುನಿಗಳನ್ನು ನಾವು ಬಾಲ್ಯದಿಂದ ಕಂಡವರು. ನಾಗಚಂದ್ರನ ಪರಿಹಾರ ಸುಲಭದ ಪರಿಹಾರವೆಂದು ಯಾರಾದರೂ ಹೇಳಬಹುದು. ಆದರೆ ಅದೂ ಒಂದು ವಿಮರ್ಶೆಯೇ: ಪ್ರಶ್ನೆ ಎಷ್ಟು ದೊಡ್ಡದಾಗಿತ್ತೆಂದರೆ ಆ ಸಂಪ್ರದಾಯದ ಕವಿಗಳಿಗೆ ಕಥೆಯನ್ನೇ ಬದಲಿಸಬೇಕಾಯಿತು.

ಈ ಮಾತನ್ನು ಹುಡುಗನೊಡನೆ ದೂರವಾಣಿಯಲ್ಲಿ ಆಡಿದಾಗ ಅವನು ನಕ್ಕ. “ಅಜ್ಜಾ, ಇದು ಆಟರಿ. ಚದುರಂಗ ಆಡೂಮುಂದ ನಿಮ್ಮ ಆನಿ ಸತ್ತರ ನೀವು ಅಳತೀರೇನು?” ಎಂದ. ತಕ್ಕ ಪ್ರಶ್ನೆ. ಆ ರಾತ್ರಿಯೆಲ್ಲ ಅದನ್ನು ತಿರುವಿ ಹಾಕಿದೆ. ಬೆಳಗಿನ ಜಾವಕ್ಕೆ ಉತ್ತರ ಹೊಳೆಯಿತು. ಚದುರಂಗದ ಆನೆಗೆ ಮನೆಯಿಲ್ಲ. ಅದು ಬರಿಯ ಮರದ ತುಂಡು; ಆಟ ಮುಗಿದೊಡನೆ ರಾಜನ ಜೊತೆಗೇ ಡಬ್ಬಿಗೆ ಹೋಗುತ್ತದೆ. ಈ ಕಾವಲಿನ ಸೈನಿಕನಿಗಾದರೋ ಮನೆಯ ಸುದ್ದಿಯನ್ನು ಕೊಟ್ಟವರು ಆಟವನ್ನು ಕಟ್ಟಿದವರೇ. ಅವನ ಕಿಸೆಯಲ್ಲಿ ಆಟಗಾರನಿಗೆ ಸಿಗುವಂತೆ ಕಾಗದಗಳನ್ನು ಇಟ್ಟವರೂ ಅವರೇ. ಮರದ ತುಂಡಿಗೆ ಒಂದು ಸಾಲಿನಷ್ಟಾದರೂ ಜೀವ ಕೊಟ್ಟ ಮೇಲೆ ಅದನ್ನು ಮರದ ತುಂಡೆಂದು ಹೇಳಿ ಪಾರಾಗುವಂತಿಲ್ಲ. ಕೆಲವು ವಿಮರ್ಶಕರು ಈ ಸಾಲುಗಳನ್ನು ಗಮನಿಸಿ, ಗುಂಡು ಹಾರಿಸುವ ಬೆರಳು ಒಂದು ಕ್ಷಣ ತಡೆಯಿತೆಂದು ಒಪ್ಪಿಕೊಂಡಿದ್ದಾರೆ. ನನ್ನ ಪಾಲಿಗೆ ಇಡೀ ಆಟದಲ್ಲಿ ಸಾಹಿತ್ಯದ ಬಾಗಿಲು ತೆರೆದದ್ದು ಆ ತಡೆಯಲ್ಲಿಯೇ. ಆದರೆ ಬಾಗಿಲು ತೆರೆದ ಶಿಲ್ಪಿ ಒಳಗೆ ಹೋಗಲಿಲ್ಲ. ವಿಮರ್ಶಕನೂ ಹೊಸ್ತಿಲಲ್ಲಿ ನಿಂತು, ಬಾಗಿಲು ಚೆನ್ನಾಗಿದೆಯೆಂದು ಅಂಕ ಕೊಟ್ಟು ಮುಂದೆ ನಡೆದ.

ವಾಲಿಯ ಪ್ರಶ್ನೆ ನನಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ, ಮನೆಯಿಂದಲೂ ಬಂದದ್ದು. ಮಾಲಿಕೆಯ ಮೂರನೆಯ ಆಟ ಆರಂಭವಾಗುವುದು ೧೯೪೨ರ ಜೂನ್ ತಿಂಗಳಲ್ಲಿ, ಲಿಬಿಯಾದ ಟೋಬ್ರೂಕ್ ಕೋಟೆಯ ಮುತ್ತಿಗೆಯಿಂದ. ಆ ತಿಂಗಳ ೨೧ರಂದು ಟೋಬ್ರೂಕ್ ಜರ್ಮನ್ ಸೇನಾನಿ ರೊಮ್ಮೆಲ್‌ನ ವಶವಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಅವರಲ್ಲಿ ಹನ್ನೊಂದನೆಯ ಭಾರತೀಯ ಬ್ರಿಗೇಡಿನವರಿದ್ದರು. ಆ ಬ್ರಿಗೇಡಿನಲ್ಲಿ ಐದನೆಯ ಮರಾಠಾ ಲಘು ಪದಾತಿಯ ಎರಡನೆಯ ಪಲಟಣ ಇತ್ತು. ಆ ರೆಜಿಮೆಂಟಿನ ಕೇಂದ್ರ ಬೇರೆಲ್ಲಿಯೂ ಅಲ್ಲ, ನಮ್ಮ ಬೆಳಗಾವಿಯಲ್ಲಿಯೇ ಇಂದಿಗೂ ಇದೆ. ನನ್ನ ದೊಡ್ಡಪ್ಪ ಆ ಪಲಟಣದ ಸಿಪಾಯಿ.

ನಾಲ್ಕನೆಯ ಆಟದ ಇಟಲಿಯೂ ನಮಗೆ ಅಪರಿಚಿತವಲ್ಲ. ೧೯೪೩ರ ಸಪ್ಟೆಂಬರಿನಲ್ಲಿ ಎಂಟನೆಯ ಭಾರತೀಯ ಡಿವಿಜನ್ ಟಾರಾಂಟೊ ಬಂದರಿನಲ್ಲಿ ಇಳಿಯಿತು; ಮುಂದೆ ನಾಲ್ಕನೆಯದೂ ಹತ್ತನೆಯದೂ ಬಂದುವು. ಇಟಲಿಯ ಮಣ್ಣಿನಲ್ಲಿ ಸತ್ತ ಭಾರತೀಯ ಸೈನಿಕರು ೫,೭೮೨ ಮಂದಿ. ಅಲ್ಲಿ ದೊರೆತ ೨೦ ವಿಕ್ಟೋರಿಯಾ ಕ್ರಾಸುಗಳಲ್ಲಿ ಆರು ಭಾರತೀಯರವು. ಆರರಲ್ಲಿ ಎರಡು ಮರಾಠಾ ರೆಜಿಮೆಂಟಿನವು. ಸೇನಿಯೊ ನದಿಯ ದಂಡೆಯಲ್ಲಿ ೧೯೪೫ರ ಏಪ್ರಿಲ್ ೯ರಂದು ಹೋರಾಡಿದ ನಾಮದೇವ ಜಾಧವ್ ಬದುಕಿ ಬಂದರು. ಟೈಬರ್ ನದಿಯ ಮೇಲ್ಕಣಿವೆಯಲ್ಲಿ ೧೯೪೪ರ ಜುಲೈ ೧೦ರಂದು ಹೋರಾಡಿದ ಯಶವಂತ ಘಾಡ್ಗೆ ಬರಲಿಲ್ಲ. ಅವರ ತುಕಡಿಯವರೆಲ್ಲ ಬಿದ್ದ ಮೇಲೆ ಒಬ್ಬರೇ ನುಗ್ಗಿ ಶತ್ರುವಿನ ಮಶೀನ್‌ಗನ್ನಿನ ನೆಲೆಯನ್ನು ಗೆದ್ದರು. ಗೆದ್ದ ಆ ನೆಲೆಯಲ್ಲಿಯೇ, ಮರೆಯಲ್ಲಿ ಹೊಂಚುತ್ತಿದ್ದ ಸ್ನೈಪರುಗಳ ಗುಂಡಿಗೆ ಸತ್ತರು. ವಯಸ್ಸು ೨೨. ಇಟಲಿಯ ಮೊಂಟೋನ್ ಎಂಬ ಊರಿನವರು ೨೦೨೩ರಲ್ಲಿ ಅವರ ನೆನಪಿಗೆ ಒಂದು ಸೂರ್ಯಗಡಿಯಾರವನ್ನು ನಿಲ್ಲಿಸಿದ್ದಾರೆ. ಬಂದೂಕಿನ ಕೊಳವೆಯ ಆ ತುದಿಯಲ್ಲಿ ಇದ್ದವರೂ ನಮ್ಮವರು ಎಂಬುದನ್ನು ನೆನೆದಾಗ, ಪರದೆಯ ಮೇಲೆ ಒಡೆಯುವ ಎಲುಬು ಯಾರದೆಂಬ ಪ್ರಶ್ನೆ ನನಗೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ.

ದೊಡ್ಡಪ್ಪನದು ರಾಯಬಾಗ ತಾಲೂಕಿನ ಕೃಷ್ಣೆಯ ದಂಡೆಯ ಒಂದು ಹಳ್ಳಿ. ೧೯೪೦ರಲ್ಲಿ ಅಥಣಿಯ ಕಡೆಯ ಇಬ್ಬರು ಗೆಳೆಯರ ಜೊತೆಗೆ ಬೆಳಗಾವಿಗೆ ನಡೆದು ಸೈನ್ಯ ಸೇರಿದ. ಮನೆಯಲ್ಲಿ ಕನ್ನಡ, ಪಲಟಣದಲ್ಲಿ ಮರಾಠಿ. ಈ ಗಡಿಸೀಮೆಯವರಿಗೆ ಅದೇನೂ ಹೊಸತಲ್ಲ. ಟೋಬ್ರೂಕಿನಲ್ಲಿ ಸೆರೆಯಾಗಿ, ಹಡಗಿನಲ್ಲಿ ಇಟಲಿಗೆ ಸಾಗಿ, ಅವೆಜ್ಜಾನೊ ಎಂಬಲ್ಲಿ ಭಾರತೀಯ ಕೈದಿಗಳ ಶಿಬಿರದಲ್ಲಿ ಒಂದು ವರ್ಷ ಕಳೆದ. ೧೯೪೩ರ ಸಪ್ಟೆಂಬರ್ ೮ರಂದು ಇಟಲಿ ಶರಣಾದ ಸುದ್ದಿ ಬಂದಾಗ ಶಿಬಿರದಲ್ಲಿ ಗೊಂದಲವೆದ್ದಿತು. ಜರ್ಮನರು ಬಂದು ಮುಟ್ಟುವ ಮೊದಲೇ ಇವನು ಮತ್ತಿಬ್ಬರೊಡನೆ ಬೆಟ್ಟಕ್ಕೆ ಓಡಿದ. ಅಲ್ಲಿಂದ ಮುಂದೆ ಒಂಬತ್ತು ತಿಂಗಳು ಅವನ ಬದುಕು ಹೊಂಚಿನ ಬದುಕು: ಹಗಲು ಅಡಗು, ರಾತ್ರಿ ನಡೆ, ನಾಯಿ ಬೊಗಳಿದರೆ ಉಸಿರು ಬಿಗಿಹಿಡಿ. ಕಾರ್ಲ್ ಫೇರ್‌ಬರ್ನ್ ಮಾಡುವುದೆಲ್ಲವನ್ನೂ, ಅದೇ ವರ್ಷ, ಅದೇ ದೇಶದಲ್ಲಿ, ನನ್ನ ದೊಡ್ಡಪ್ಪನೂ ಮಾಡಿದ, ಕೊಲ್ಲುವುದೊಂದನ್ನು ಬಿಟ್ಟು.

ಒಂದು ಕುರುಬರ ಮನೆಯವರು ಅವನನ್ನು ಕೊಟ್ಟಿಗೆಯ ಅಟ್ಟದ ಹುಲ್ಲಿನಲ್ಲಿ ಅಡಗಿಸಿಟ್ಟರು. ಕೈದಿಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಡಂಗುರವಾಗಿದ್ದ ದಿನಗಳು ಅವು. ಆ ಮನೆಯ ಮುದುಕಿ ದಿನಕ್ಕೊಮ್ಮೆ ಏಣಿ ಹತ್ತಿ ಬಂದು ಗೋವಿನಜೋಳದ ಹಿಟ್ಟಿನ ಸಂಗಟಿಯನ್ನು ಮುಂದಿಟ್ಟು “ಮಾಂಜಾ, ಮಾಂಜಾ” ಎನ್ನುತ್ತಿದ್ದಳಂತೆ. ಉಣ್ಣು ಎಂದರ್ಥ. ದೊಡ್ಡಪ್ಪ ಯುದ್ಧದ ಮಾತನ್ನು ಆಡಿದ್ದು ಕಡಿಮೆ. ರಾಯಬಾಗ ಸ್ಟೇಷನ್ನಿನಲ್ಲಿ ಇಳಿದು ಬಂದ ಮೇಲೆ ನಲವತ್ತು ವರ್ಷ ಕಬ್ಬು ಬೆಳೆದ, ಎತ್ತು ಸಾಕಿದ, ತೀರಿಕೊಂಡ. ಆದರೆ ಊಟಕ್ಕೆ ಕುಳಿತಾಗಲೆಲ್ಲ ಮಕ್ಕಳಾದ ನಮ್ಮನ್ನು “ಮಾಂಜಾ” ಎಂದೇ ಕರೆಯುತ್ತಿದ್ದ. ಗಾಳಿಪಟದ ದಾರಕ್ಕೆ ಹಚ್ಚುವ ಮಾಂಜಾ ಎಂದು ತಿಳಿದು ನಾವು ಕೈಗೆ ಎಳೆದುಕೊಳ್ಳುವ ಆಸೆಯಿಂದ ಓಡಿಬಂದು, ಬರಿಯ ರೊಟ್ಟಿಪಲ್ಲೆಯನ್ನು ಕಂಡು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದೆವು.

ಒಮ್ಮೆ ಮಾತ್ರ, ನಾನು ಶಿಕ್ಷಕನಾದ ಹೊಸತರಲ್ಲಿ, ಕೇಳದೆಯೇ ಒಂದು ಸಂಗತಿಯನ್ನು ಹೇಳಿದ. ಅಟ್ಟದ ಹಲಗೆಗಳ ಸಂದಿನಿಂದ ಕಾಣುವ ಹಳ್ಳದ ಆಚೆ ಒಬ್ಬ ಜರ್ಮನ್ ಕಾವಲುಗಾರ ನಿಲ್ಲುತ್ತಿದ್ದನಂತೆ. ಹುಡುಗ, ಮೀಸೆ ಬಂದಿರಲಿಲ್ಲ. ದಿನವೂ ಒಂದೇ ಕಲ್ಲಿನ ಮೇಲೆ ಕುಳಿತು ಒಂದೇ ಕಾಗದವನ್ನು ತೆಗೆದು ಓದಿ ಮಡಿಚಿಡುತ್ತಿದ್ದ. ಎರಡು ವಾರ ದೊಡ್ಡಪ್ಪ ಅವನನ್ನು ನೋಡಿದ. “ನನ್ನ ಕೈಯಾಗ ಬಂದೂಕ ಇರಲಿಲ್ಲ ತಮ್ಮಾ. ಅದಕ್ಕ ಅವನ ಮಾರಿ ಕಾಣಿಸ್ತು. ಇದ್ದಿದ್ದರ ಬರೇ ಎದಿ ಕಾಣತಿತ್ತು” ಎಂದು ಹೇಳಿ ಬೀಡಿ ಹಚ್ಚಿದ. ಕೈಯಲ್ಲಿ ಬಂದೂಕು ಇದ್ದೂ ಮುಖ ಕಾಣುವಂತೆ ಮಾಡುವುದು ಕಲೆಯ ಕೆಲಸವೆಂದು ನನಗೆ ತೋರುತ್ತದೆ. ಕಂಡಿತೋ ಇಲ್ಲವೋ ಎಂದು ಕೇಳುವುದು ವಿಮರ್ಶೆಯ ಕೆಲಸ.

ಇದು ಅಸಾಧ್ಯವಾದ ಬೇಡಿಕೆಯೆಂದು ವಾಚಕರು ತಿಳಿಯಬಾರದು. ಪೋಲೆಂಡಿನ ‘೧೧ ಬಿಟ್’ ಎಂಬ ಸಂಸ್ಥೆಯವರು ೨೦೧೪ರಲ್ಲಿ, ‘ಸ್ನೈಪರ್ ಎಲೀಟ್’ ಟೋಬ್ರೂಕಿಗೆ ಹೋದ ವರ್ಷವೇ, ‘ದಿಸ್ ವಾರ್ ಆಫ್ ಮೈನ್’ ಎಂಬ ಆಟವನ್ನು ತಂದರು. ೧೯೯೦ರ ದಶಕದ ಸರಯೇವೊ ನಗರದ ಮುತ್ತಿಗೆ ಅದಕ್ಕೆ ಪ್ರೇರಣೆ. ಅಲ್ಲಿ ಆಟಗಾರ ಸೈನಿಕನಲ್ಲ. ಮುತ್ತಿಗೆಯಲ್ಲಿ ಸಿಲುಕಿದ ಸಾಮಾನ್ಯ ಜನರನ್ನು ಹಸಿವು, ಚಳಿ, ರೋಗಗಳಿಂದ ಕಾಪಾಡಿಕೊಳ್ಳಬೇಕಾದವನು. ಸ್ನೈಪರುಗಳ ಭಯದಿಂದ ಹಗಲು ಹೊರಗೆ ಹೋಗುವಂತಿಲ್ಲ. ಆಹಾರಕ್ಕಾಗಿ ಒಬ್ಬ ಮುದುಕನ ಮನೆಯನ್ನು ದೋಚಿದರೆ, ದೋಚಿದವನು ಮರುದಿನ ತಲೆ ಎತ್ತಲಾರದೆ ಕೂಡುತ್ತಾನೆ. ವಿಮರ್ಶಕರು ಇದನ್ನು ಬಹುವಾಗಿ ಮೆಚ್ಚಿದರು. ೨೦೨೦ರಲ್ಲಿ ಪೋಲೆಂಡ್ ಸರಕಾರ ಇದನ್ನು ಶಾಲೆಯ ಐಚ್ಛಿಕ ಪಠ್ಯಗಳ ಸಾಲಿಗೆ ಸೇರಿಸುವುದಾಗಿ ಸಾರಿತು. ಹಾಗಾದರೆ ಆಟದ ವಿಮರ್ಶಕರಿಗೆ ಎರಡನೆಯ ಕಣ್ಣು ಇಲ್ಲದಿಲ್ಲ. ಆಟವೇ ಅತ್ತು ತೋರಿಸಿದಾಗ ಅವರೂ ಅಳಬಲ್ಲರು. ಆಟ ನಗುತ್ತಿರುವಾಗ ಒಳಗಿನ ಅಳುವನ್ನು ಕೇಳುವುದು ಹೆಚ್ಚಿನ ವಿದ್ಯೆ. ಅದು ಇನ್ನು ಬೆಳೆಯಬೇಕು.

ನನ್ನ ದೂರು ಇಷ್ಟೇ ಎಂದು ತಪ್ಪು ತಿಳಿಯದಂತೆ ಸ್ಪಷ್ಟಪಡಿಸುತ್ತೇನೆ. ಫೇರ್‌ಬರ್ನ್ ರಾಯಬಾಗದವನಾಗಿರಬೇಕಿತ್ತೆಂದು ನಾನು ಕೇಳುವುದಿಲ್ಲ. ಹೊಂಚಿನ ಆಟವನ್ನು ನಿಷೇಧಿಸಿರೆಂದೂ ಕೂಗುವುದಿಲ್ಲ. ಮರೆಯ ಬಾಣವಿದೆಯೆಂದು ಕಿಷ್ಕಿಂಧಾಕಾಂಡವನ್ನು ಯಾರೂ ಹರಿದೆಸೆಯಲಿಲ್ಲ. ಆ ಕಾಂಡ ಉಳಿದದ್ದು, ಬಿದ್ದವನಿಗೂ ಅಲ್ಲಿ ಒಂದು ಮಾತು ಇದ್ದುದರಿಂದ. ಓದುಗರು ಆ ಮಾತಿನ ಪಕ್ಷ ಹಿಡಿದು ಶತಮಾನಗಳ ಕಾಲ ಕವಿಯೊಡನೆ ಜಗಳವಾಡಿದ್ದರಿಂದ. ಅಂತಹ ಜಗಳಕ್ಕೆ ಸರಾಸರಿ ತೆಗೆಯಲು ಬರುವುದಿಲ್ಲ. ನೂರಕ್ಕೆ ಇಷ್ಟೆಂದು ಹೇಳಿ ಕಡತ ಮುಚ್ಚಲೂ ಬರುವುದಿಲ್ಲ. ಒಂದು ಕೃತಿಗೆ, ಅದು ಪುಸ್ತಕವಾಗಲಿ ಆಟವಾಗಲಿ, ಸಿಗಬಹುದಾದ ದೊಡ್ಡ ಮರ್ಯಾದೆ ಆ ಜಗಳವೇ.

ಮೊನ್ನೆ ಸಂಕ್ರಾಂತಿಗೆ ಹುಡುಗ ಚಿಕ್ಕೋಡಿಗೆ ಬಂದಿದ್ದ. ಲ್ಯಾಪ್‌ಟಾಪನ್ನೂ ತಂದಿದ್ದ. ದೊಡ್ಡಪ್ಪನ ಅಟ್ಟದ ಕಥೆಯನ್ನು ಅವನಿಗೆ ಹೇಳಿದೆ. ಸುಮ್ಮನೆ ಕೇಳಿದ, ಏನೂ ಅನ್ನಲಿಲ್ಲ. ಸಂಜೆ ನಾನು ವಾಕಿಂಗ್ ಮುಗಿಸಿ ಬಂದಾಗ ಅದೇ ಬೆಟ್ಟದ ಹಳ್ಳಿ ಪರದೆಯ ಮೇಲಿತ್ತು. ಅವನು ಬಂದೂಕನ್ನು ಕೆಳಗಿಳಿಸಿ, ದುರ್ಬೀನು ಹಿಡಿದು ಒಂದೊಂದೇ ಮನೆಯ ಕಿಟಕಿಯನ್ನು ನೋಡುತ್ತಿದ್ದ. ಏನು ಹುಡುಕುತ್ತಿರುವೆಯೆಂದು ಕೇಳಿದೆ.

“ಇಷ್ಟು ಮನಿ ಅದಾವ್ರಿ ಅಜ್ಜಾ” ಎಂದ, “ಒಂದರಾಗರೇ ಒಲಿ ಹೊತ್ತಿದ್ದು ಕಾಣವಲ್ದು.”

ನೂರು ವಿಮರ್ಶೆಗಳಲ್ಲಿ ನನಗೆ ಸಿಗದಿದ್ದ ವಾಕ್ಯ ಅದು. ಅಷ್ಟರಲ್ಲಿ ಅಡಿಗೆಮನೆಯಿಂದ ಸಜ್ಜೆರೊಟ್ಟಿಯ ವಾಸನೆ ತೇಲಿಬಂತು. ನಾನು ಅವನ ಭುಜ ಮುಟ್ಟಿ “ಮಾಂಜಾ” ಎಂದೆ. ಅವನು ಲ್ಯಾಪ್‌ಟಾಪನ್ನು ಮುಚ್ಚಿ ಎದ್ದ.